ಗುಟ್ಟನ್ನು ಯಾರಿಂದ ಬಚ್ಚಿಡಬೇಕು?

ಪೊಲೀಸನೊಬ್ಬ ಪಾತಕಿಗಳ ಗುಂಪಿನೊಳಗೆ ಸೇರಿಕೊಂಡು ಅವರಲ್ಲೊಬ್ಬನಾಗಿ ಬದುಕುವ ಚಿತ್ರವನ್ನು ನೋಡಿ ಬಂದವರ ದೂರು ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಯಾರು ಪೊಲೀಸ್, ಯಾರು ಕಳ್ಳ ಎಂಬುದನ್ನು ಮೊದಲೇ ಹೇಳಿಬಿಟ್ಟರಲ್ಲ, ಇನ್ನೆಲ್ಲಿಯ ಸಸ್ಪೆನ್ಸ್?" ಪ್ರೇಕ್ಷಕರು ಹೀಗೆಂದರೆ ನನ್ನ ತಕರಾರಿಲ್ಲ, ದುಡ್ಡು ಕೊಟ್ಟು ನೋಡಿದವರು ತಮಗೆ ಅನಿಸಿದ್ದನ್ನು ಹೇಳಲೇಬೇಕು. ಆದರೆ ಚಿತ್ರಕಥೆಯನ್ನು ತಿದ್ದಿಸಿಕೊಳ್ಳಲು ನನ್ನ ಬಳಿಗೆ ಬರುವ ಬರಹಗಾರರೂ ಇದನ್ನೇ ಸಿದ್ಧಾಂತವೆಂಬಂತೆ ಒಪ್ಪಿಸುತ್ತಾರೆ. ನಾಯಕ ಪೊಲೀಸ್ ಎಂಬ ಸಂಗತಿಯನ್ನು ಇಂಟರ್ವಲ್‌ವರೆಗೆ ಬಚ್ಚಿಟ್ಟು, ಅಲ್ಲಿ ಅವನ ಜೇಬಿನಿಂದ ಗುರುತಿನ ಚೀಟಿಯನ್ನು ಹೊರತೆಗೆಸಿ, ಹಿನ್ನೆಲೆ ಸಂಗೀತವನ್ನು ಏರಿಸಿ, ದೊಡ್ಡದೊಂದು ಕೆಲಸ ಮುಗಿಯಿತೆಂದು ಕೈ ಕೊಡವಿಕೊಳ್ಳುತ್ತಾರೆ. ಆ ಒಂದು ಚಪ್ಪಾಳೆಗಾಗಿ ಅವರು ಅಲ್ಲಿಯವರೆಗಿನ ಅಷ್ಟೂ ದೃಶ್ಯಗಳನ್ನು ಬಲಿ ಕೊಟ್ಟಿರುತ್ತಾರೆ ಎಂಬುದನ್ನು ವಿವರಿಸುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿರುತ್ತದೆ.

ಈ ಬಗೆಯ ಕಥೆಗೆ ಎಲ್ಲರೂ ಉದಾಹರಿಸುವ ಚಿತ್ರಗಳನ್ನೇ ನೋಡೋಣ. ಆಂಡ್ರ್ಯೂ ಲಾವ್ ಮತ್ತು ಅಲನ್ ಮ್ಯಾಕ್ ನಿರ್ದೇಶಿಸಿದ ಹಾಂಗ್‌ಕಾಂಗ್‌ನ 'ಇನ್‌ಫರ್ನಲ್ ಅಫೇರ್ಸ್' 2002ರಲ್ಲಿ ತೆರೆಗೆ ಬಂತು. ಅದೇ ಕಥೆಯನ್ನು ಬಾಸ್ಟನ್ ನಗರಕ್ಕೆ ಒಯ್ದು ಮಾರ್ಟಿನ್ ಸ್ಕಾರ್ಸೆಸಿ 2006ರಲ್ಲಿ 'ದಿ ಡಿಪಾರ್ಟೆಡ್' ಮಾಡಿದರು, ಅದಕ್ಕೆ ಅತ್ಯುತ್ತಮ ಚಿತ್ರ ಮತ್ತು ರೂಪಾಂತರಿತ ಚಿತ್ರಕಥೆಯ ಪ್ರಶಸ್ತಿಗಳೂ ಸೇರಿ ನಾಲ್ಕು ಆಸ್ಕರ್‌ಗಳು ಬಂದವು. ಇವನ್ನು ಇನ್ನೂ ನೋಡದವರು ಮುಂದೆ ಓದುವ ಮೊದಲು ಯೋಚಿಸುವುದು ಒಳ್ಳೆಯದು, ಏಕೆಂದರೆ ಕಥೆಯನ್ನು ಹೇಳದೆ ಈ ವಿಷಯವನ್ನು ಬಿಡಿಸಿ ಹೇಳಲಾಗದು. ಪೊಲೀಸ್ ಇಲಾಖೆಯ ಒಬ್ಬ ಪಾತಕಿಗಳ ನಡುವೆ ಇದ್ದಾನೆ, ಪಾತಕಿಗಳ ಒಬ್ಬ ಪೊಲೀಸ್ ಇಲಾಖೆಯಲ್ಲಿದ್ದಾನೆ. ಇಬ್ಬರಿಗೂ ಒಬ್ಬರನ್ನೊಬ್ಬರು ಹುಡುಕುವ ಕೆಲಸ ಬೀಳುತ್ತದೆ. ಇಷ್ಟೂ ಸಂಗತಿಯನ್ನು ಎರಡೂ ಚಿತ್ರಗಳು ಆರಂಭದಲ್ಲೇ ಪ್ರೇಕ್ಷಕನ ಮುಂದೆ ಇಟ್ಟುಬಿಡುತ್ತವೆ. 'ದಿ ಡಿಪಾರ್ಟೆಡ್'ನಲ್ಲಂತೂ ಚಿತ್ರದ ಹೆಸರು ತೆರೆಯ ಮೇಲೆ ಮೂಡುವುದೇ ಸುಮಾರು 18 ನಿಮಿಷಗಳಾದ ಮೇಲೆ, ಅಂದರೆ ಯಾರು ಯಾರ ಕಡೆಯವರೆಂಬುದು ನಮಗೆ ಪೂರ್ತಿ ತಿಳಿದಾದ ಮೇಲೆ.

ಹಾಗಾದರೆ ಉಳಿದ ಎರಡು ಗಂಟೆಗೂ ಹೆಚ್ಚಿನ ಹೊತ್ತು ನಮ್ಮನ್ನು ಕುರ್ಚಿಯ ತುದಿಯಲ್ಲಿ ಕೂರಿಸುವುದು ಯಾವುದು? ಇಲ್ಲಿ ಗುಟ್ಟು ಇರುವುದು ನಿಜ, ಆದರೆ ಅದನ್ನು ಪ್ರೇಕ್ಷಕನಿಂದ ಬಚ್ಚಿಟ್ಟಿಲ್ಲ, ಪಾತ್ರಗಳಿಂದ ಬಚ್ಚಿಟ್ಟಿದ್ದಾರೆ. ನಾನು ಮತ್ತೆ ಮತ್ತೆ ಹೇಳಬೇಕಾಗಿ ಬರುವ ಮಾತು ಇದೊಂದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಹಾಂಗ್‌ಕಾಂಗ್ ಚಿತ್ರದ ಮೊದಲ ಭಾಗದಲ್ಲಿ ಹಾಡು ಕೇಳುವ ಸ್ಟೀರಿಯೊ ಉಪಕರಣಗಳ ಅಂಗಡಿಯ ದೃಶ್ಯವೊಂದಿದೆ. ಟೋನಿ ಲ್ಯೂಂಗ್ ನಟಿಸಿರುವ ಗುಪ್ತ ಪೊಲೀಸ್ ಅಂಗಡಿಯನ್ನು ನೋಡಿಕೊಳ್ಳುತ್ತಿರುತ್ತಾನೆ, ಇಲಾಖೆಯೊಳಗಿನ ದ್ರೋಹಿಯ ಪಾತ್ರದ ನಟ ಆಂಡಿ ಲಾವ್ ಗಿರಾಕಿಯಾಗಿ ಬರುತ್ತಾನೆ, ಮತ್ತು ಇಬ್ಬರೂ ಅಕ್ಕಪಕ್ಕ ಕುಳಿತು ಒಂದು ಹಳೆಯ ಹಾಡನ್ನು ಕೇಳುತ್ತಾರೆ. ನಡೆಯುವುದು ಇಷ್ಟೇ. ಬಂದೂಕಿಲ್ಲ, ಬೆದರಿಕೆಯಿಲ್ಲ, ಏರುದನಿಯ ಒಂದು ಮಾತೂ ಇಲ್ಲ. ಅವರು ಯಾರೆಂಬುದು ನಮಗೆ ತಿಳಿಯದೇ ಹೋಗಿದ್ದರೆ ಅದು ಸ್ಪೀಕರ್ ಮಾರಾಟದ ದೃಶ್ಯ. ತಿಳಿದಿರುವುದರಿಂದ ಅದೇ ಚಿತ್ರದ ಅತ್ಯಂತ ಸಂಕಟದ ದೃಶ್ಯಗಳಲ್ಲೊಂದು, ಏಕೆಂದರೆ ಬೇರೆ ಯಾವುದೋ ಬದುಕಿನಲ್ಲಿ ಗೆಳೆಯರಾಗಬಹುದಾಗಿದ್ದ ಇಬ್ಬರು ಇನ್ನು ಕೆಲವೇ ದಿನಗಳಲ್ಲಿ ಒಬ್ಬರನ್ನೊಬ್ಬರು ಮುಗಿಸಲು ಹೊರಡುತ್ತಾರೆಂಬುದು ಆ ಕೋಣೆಯಲ್ಲಿ ನಮಗೊಬ್ಬರಿಗೇ ಗೊತ್ತಿದೆ. ಬಚ್ಚಿಟ್ಟು ಬಿಚ್ಚಿದ ಗುಟ್ಟು ಪ್ರೇಕ್ಷಕನಿಗೆ ಒಂದು ಕ್ಷಣದ ಬೆರಗನ್ನು ಕೊಡುತ್ತದೆ, ಹಂಚಿಕೊಂಡ ಗುಟ್ಟು ಪ್ರತಿ ದೃಶ್ಯದಲ್ಲೂ ಅವನ ಎದೆಯ ಮೇಲೆ ಕೂರುತ್ತದೆ.

ಕೆಲವು ಕಾಲದ ಹಿಂದೆ ಒಬ್ಬ ಯುವ ಬರಹಗಾರ ತಂದ ಕಥೆಯನ್ನು ಇಲ್ಲಿ ನೆನೆಯಬೇಕು. ಹೆಸರು ಬೇಡ, ಅಂಚಿನಲ್ಲಿ ಬಣ್ಣಬಣ್ಣದ ಶಾಯಿಯ ಟಿಪ್ಪಣಿಗಳನ್ನು ಬರೆದುಕೊಂಡು ಬರುವ, ಬೈಸಿಕೊಂಡರೂ ನಗುತ್ತಲೇ ಇರುವ ಆ ಹುಡುಗನ ಮೇಲೆ ನನಗೆ ಅಕ್ಕರೆಯಿದೆ. ಅವನ ಕಥೆಯಲ್ಲಿ ಗುಂಪಿನ ಹಿರಿಯ ರೌಡಿಯೊಬ್ಬ ನಾಯಕನ ಮುಂದೆ ತನ್ನ ಮಗನ ಶಾಲೆಯ ಅರ್ಜಿಯನ್ನು ಇಟ್ಟು, "ನನಗೇನಾದರೂ ಆದರೆ ಇವನಿಗೆ ನೀನೇ" ಎಂದು ಪೋಷಕರ ಜಾಗದಲ್ಲಿ ಸಹಿ ಮಾಡಿಸಿಕೊಳ್ಳುತ್ತಾನೆ. ನಾಯಕ ಪೊಲೀಸ್ ಎಂಬುದು ನಮಗೆ ಗೊತ್ತಿಲ್ಲದಿರುವಾಗ ಇದು ಇಬ್ಬರು ರೌಡಿಗಳ ಸ್ನೇಹದ ದೃಶ್ಯ, ನೋಡಿ ಮರೆಯುವಂಥದ್ದು. ಗೊತ್ತಿದ್ದರೆ? ಅವನು ಆ ಕಾಗದದ ಮೇಲೆ ಬರೆಯುತ್ತಿರುವ ಹೆಸರೇ ಸುಳ್ಳು, ಆ ತಂದೆಗೆ "ಏನಾದರೂ ಆಗುವುದು" ಇವನ ಕೈಯಿಂದಲೇ, ಹೀಗಿದ್ದೂ ಪೆನ್ನು ಹಿಡಿದ ಕೈ ನಡುಗುವಂತಿಲ್ಲ. ದೃಶ್ಯದ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ, ಗುರುತಿನ ಸಂಗತಿಯನ್ನು ಮೊದಲ ಪುಟಗಳಿಗೆ ತಂದರೆ ಸಾಕು ಎಂದೆ. "ಹಾಗೆ ಮಾಡಿದರೆ ನನ್ನ ಇಂಟರ್ವಲ್ ಹೋಗುತ್ತದಲ್ಲ ಸರ್" ಎಂದು ಅವನು ಮುಖ ಸಣ್ಣದು ಮಾಡಿಕೊಂಡ. ಇಂಟರ್ವಲ್‌ಗೆ ಬೇರೆ ದಾರಿಗಳಿವೆ. ಗುಂಪಿನಲ್ಲೊಬ್ಬನಿಗೆ ಅನುಮಾನ ಬಂದಿತೆಂದು ನಮಗೆ ತಿಳಿದು ನಾಯಕನಿಗೆ ತಿಳಿಯದಿದ್ದರೆ ಸಾಲದೇ?

ಇದನ್ನು ಯಾರೂ ಕಟ್ಟುನಿಟ್ಟಿನ ನಿಯಮವೆಂದು ತಿಳಿಯಬಾರದು. ಬಚ್ಚಿಟ್ಟೂ ಗೆದ್ದ ಚಿತ್ರಗಳಿವೆ, ಮತ್ತು ನನ್ನೊಂದಿಗೆ ವಾದಿಸುವವರು ತಪ್ಪದೆ ಎತ್ತಿಕೊಳ್ಳುವುದು ಕ್ವೆಂಟಿನ್ ಟ್ಯಾರಂಟಿನೊ ಅವರ 1992ರ 'ರಿಸರ್ವಾಯರ್ ಡಾಗ್ಸ್' ಚಿತ್ರವನ್ನು. ಅಲ್ಲಿ ದರೋಡೆಕೋರರ ನಡುವಿನ ಪೊಲೀಸ್ ಯಾರೆಂಬುದು ಚಿತ್ರ ಸಾಕಷ್ಟು ಮುಂದುವರಿಯುವವರೆಗೆ ನಮಗೆ ತಿಳಿಯುವುದಿಲ್ಲ, ನಿಜ. ಆದರೆ ತಿಳಿದ ತಕ್ಷಣ ಕಥೆ ಹಿಂದಕ್ಕೆ ಹೋಗಿ, ಅವನು ಗುಂಪಿನ ನಂಬಿಕೆ ಗಳಿಸಲು ಒಂದು ಕಟ್ಟುಕಥೆಯನ್ನು ನಟನಂತೆ ಬಾಯಿಪಾಠ ಮಾಡುವುದನ್ನು ಬಿಡುವಾಗಿ ತೋರಿಸುತ್ತದೆ. ಅಲ್ಲಿಂದಾಚೆಗೆ ಗುಟ್ಟು ನಮ್ಮದೂ ಆಗುತ್ತದೆ. ಯಾರೂ ಯಾರಿಗೂ ನಿಜವಾದ ಹೆಸರು ಹೇಳಕೂಡದೆಂಬ ಕರಾರಿದ್ದರೂ, ಹೊಟ್ಟೆಗೆ ಗುಂಡು ತಗುಲಿ ನರಳುವ ಅವನಿಗೆ ಮಿಸ್ಟರ್ ವೈಟ್ ಎಂಬ ಹಿರಿಯ ದರೋಡೆಕೋರ ಸಮಾಧಾನಕ್ಕೆಂದು ತನ್ನ ಹೆಸರನ್ನು ಹೇಳಿಬಿಟ್ಟಿರುತ್ತಾನೆ, ಕೊನೆಯವರೆಗೂ ಅವನ ಪರವಾಗಿಯೇ ನಿಲ್ಲುತ್ತಾನೆ. ಆ ಅಂತ್ಯ ನಮ್ಮನ್ನು ಹಿಂಡುವುದು ವೈಟ್‌ಗೆ ಗೊತ್ತಿಲ್ಲದ್ದು ನಮಗೆ ಮೊದಲೇ ಗೊತ್ತಿರುವುದರಿಂದ. ಆದ್ದರಿಂದ ಈ ಉದಾಹರಣೆಯೂ, ಸಾವಧಾನವಾಗಿ ನೋಡಿದರೆ, ನನ್ನ ಕಡೆಗೇ ವಾಲುತ್ತದೆ.

ನಿಷ್ಠೆಯ ದ್ವಂದ್ವವನ್ನು ಮಾತಿನಲ್ಲಿ ಹೇಳಿಸುವ ಹುಚ್ಚೂ ಇದರ ಬೆನ್ನಿಗೇ ಬರುತ್ತದೆ. ಮಳೆಯಲ್ಲಿ ನೆನೆಯುತ್ತ ನಿಂತ ನಾಯಕ "ನಾನು ಯಾರು?" ಎಂದು ಕೂಗುವ ದೃಶ್ಯವನ್ನು ನಾನು ಸಾಕುಸಾಕೆನ್ನುವಷ್ಟು ಓದಿದ್ದೇನೆ. ಮಾತಿಲ್ಲದೆಯೇ ಇದನ್ನು ಹೇಳಿದ ಚಿತ್ರವೊಂದಿದೆ, ಅದರ ಹಿಂದಿರುವುದು ನಿಜವಾಗಿ ನಡೆದ ಕಥೆ. ಜೋಸೆಫ್ ಪಿಸ್ಟೋನ್ ಎಂಬ ಎಫ್‌ಬಿಐ ಅಧಿಕಾರಿ ಡಾನಿ ಬ್ರಾಸ್ಕೊ ಎಂಬ ಹೆಸರಿನಲ್ಲಿ 1976ರಿಂದ 1981ರವರೆಗೆ ನ್ಯೂಯಾರ್ಕ್‌ನ ಮಾಫಿಯಾ ವಲಯದಲ್ಲಿದ್ದ. ಅವನು ಯಾರೆಂಬುದು ಬಯಲಾದ ಮೇಲೆ, ಅವನನ್ನು ನಂಬಿ ಹತ್ತಿರ ಸೇರಿಸಿಕೊಂಡಿದ್ದ ಗುಂಪಿನ ನಾಯಕ ಸೋನಿ ಬ್ಲ್ಯಾಕ್‌ನನ್ನು ಮಾಫಿಯಾದವರೇ ಕೊಂದರು. ಪಿಸ್ಟೋನ್‌ಗೆ ತೀರ ಹತ್ತಿರದವನಾಗಿದ್ದ ಲೆಫ್ಟಿ ರುಗ್ಗಿಯೆರೊ ಬಂಧನಕ್ಕೊಳಗಾಗಿ ಜೈಲು ಸೇರಿದ್ದರಿಂದ ಉಳಿದ. 1997ರಲ್ಲಿ ಬಂದ 'ಡಾನಿ ಬ್ರಾಸ್ಕೊ' ಚಿತ್ರದಲ್ಲಿ ಮಾತ್ರ ಲೆಫ್ಟಿಗೆ ಸಾವಿನ ಕರೆ ಬರುತ್ತದೆ, ಮತ್ತು ಆ ಪಾತ್ರದ ಅಲ್ ಪಚೀನೊ ಹೊರಡುವ ಮುನ್ನ ಮೈಮೇಲಿನ ಒಡವೆಗಳನ್ನು ತೆಗೆದು ಡ್ರಾಯರಿನಲ್ಲಿಟ್ಟು, ಹೆಂಡತಿಯ ಕಣ್ಣಿಗೆ ಬೀಳಲೆಂದು ಅದನ್ನು ಅರೆ ತೆರೆದಿಟ್ಟು ಹೋಗುತ್ತಾನೆ. ಚರಿತ್ರೆಯಿಂದ ಹೀಗೆ ಸರಿದದ್ದು ಸರಿಯೇ ಎಂಬುದು ಬೇರೆ ಚರ್ಚೆ. ನಂಬಿಕೆದ್ರೋಹದ ಬೆಲೆ ಎಷ್ಟೆಂದು ತಿಳಿಸಲು ಆ ಡ್ರಾಯರ್ ಸಾಕು, ಮಳೆ ಬೇಡ.

ಹಾಗೆಂದು ಪ್ರೇಕ್ಷಕನಿಂದ ಏನನ್ನೂ ಮುಚ್ಚಿಡಬಾರದೆಂದು ನಾನು ಹೇಳುತ್ತಿಲ್ಲ. 'ದಿ ಡಿಪಾರ್ಟೆಡ್'ನ ಪಾತಕಿ ನಾಯಕ ಕಾಸ್ಟೆಲೊ ಸ್ವತಃ ಎಫ್‌ಬಿಐನ ಮಾಹಿತಿದಾರನೆಂಬುದು ನಮಗೆ ತಡವಾಗಿ ತಿಳಿಯುತ್ತದೆ, ಇಲಾಖೆಯಲ್ಲಿ ಇನ್ನೊಬ್ಬ ದ್ರೋಹಿಯಿದ್ದನೆಂಬುದು ಇನ್ನೂ ತಡವಾಗಿ. ಮುಖ್ಯ ಗುಟ್ಟು ನಮ್ಮ ಕೈಯಲ್ಲಿ ಭದ್ರವಾಗಿರುವುದರಿಂದ ಇವು ಹೊಸ ಪೆಟ್ಟುಗಳಾಗಿ ನಿಲ್ಲುತ್ತವೆ, ಎರಡನೆಯದು ಸ್ವಲ್ಪ ಅವಸರದ್ದೆಂದು ನನಗೆ ಅನಿಸಿದರೂ.

ಅಂತ್ಯದ ಬಗ್ಗೆಯೂ ಜಗಳಗಳಿವೆ. ಹಾಂಗ್‌ಕಾಂಗ್ ಆವೃತ್ತಿಯಲ್ಲಿ ದ್ರೋಹಿ ಬದುಕುಳಿದು, ತನ್ನಿಂದಾಗಿ ಸತ್ತವನ ಸಮಾಧಿಗೆ ಪೊಲೀಸ್ ಸಮವಸ್ತ್ರದಲ್ಲೇ ಸಲ್ಯೂಟ್ ಹೊಡೆಯುತ್ತಾನೆ. ಚೀನಾದ ಮುಖ್ಯಭೂಮಿಗಾಗಿ ಚಿತ್ರೀಕರಿಸಿದ ಬೇರೆ ಅಂತ್ಯದಲ್ಲಿ ಅವನು ಲಿಫ್ಟಿನಿಂದ ಹೊರಬರುತ್ತಲೇ ಬಂಧಿಸಲ್ಪಡುತ್ತಾನೆ. ಎರಡನೆಯದರಲ್ಲಿ ನ್ಯಾಯ ಸಿಗುತ್ತದೆ, ಆದರೆ ಇಡೀ ಚಿತ್ರ ನಮಗೆ ಒಪ್ಪಿಸಿದ್ದ ಗುಟ್ಟು ಊರಿಗೆಲ್ಲ ತಿಳಿದ ಸುದ್ದಿಯಾಗಿ ಹಗುರಾಗುತ್ತದೆ. ಬಾಸ್ಟನ್ ಚಿತ್ರದಲ್ಲಿ ಡಿಗ್ನಮ್ ಎಂಬ ಅಧಿಕಾರಿ ದ್ರೋಹಿಯ ಮನೆಯಲ್ಲೇ ಕಾದು ಕುಳಿತು ಅವನನ್ನು ಕೊಲ್ಲುವುದನ್ನು ಹಲವರು ಅಗ್ಗದ ಸೇಡೆಂದು ಹಳಿಯುತ್ತಾರೆ. ನನಗೆ ಆ ಅಂತ್ಯ ಅಷ್ಟು ಕೆಟ್ಟದ್ದೆನಿಸುವುದಿಲ್ಲ: ಗುಪ್ತ ಪೊಲೀಸ್ ನಿಜವಾಗಿ ಯಾರೆಂಬುದು ಮೊದಲಿನಿಂದಲೂ ಇಲಾಖೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಅವರಲ್ಲಿ ಉಳಿದವನು ಈ ಡಿಗ್ನಮ್ ಒಬ್ಬನೇ.