ಸಂಬಳಕ್ಕೆ ಲಗಾಮು ಹಾಕುವವರು ಯಾರು? ಯುದ್ಧೋತ್ತರ ಬ್ರಿಟನ್ನಿನ ಒಮ್ಮತ ಮುರಿದ ಬಗೆ

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನ ಲೇಬರ್ ಮತ್ತು ಕನ್ಸರ್ವೇಟಿವ್ ಪಕ್ಷಗಳು, ಜನರಿಗೆ ಕೆಲಸ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು ಎಂಬ ಒಂದೇ ದಾರಿ ಹಿಡಿದಿದ್ದವು ಎನ್ನುವ ಮಾತು ಅರ್ಧ ನಿಜ. ಉಕ್ಕು ಉದ್ಯಮವನ್ನು 1951ರಲ್ಲಿ ಲೇಬರ್ ರಾಷ್ಟ್ರೀಕರಿಸಿತು, 1953ರಲ್ಲಿ ಕನ್ಸರ್ವೇಟಿವ್ ಸರ್ಕಾರ ಮತ್ತೆ ಖಾಸಗಿಗೆ ಕೊಡಲು ಕಾನೂನು ತಂದಿತು, 1967ರಲ್ಲಿ ಅದು ಮರಳಿ ಸರ್ಕಾರದ ಪಾಲಾಯಿತು. ಇಷ್ಟು ಜಗ್ಗಾಟವಿದ್ದರೂ ವ್ಯವಸ್ಥೆ ಅಲುಗಲಿಲ್ಲ. ಅದನ್ನು ಕೆಡವಿದ್ದು ಸಂಬಳದ ಪ್ರಶ್ನೆ.

ಯುದ್ಧಕಾಲದ ಸಮ್ಮಿಶ್ರ ಸರ್ಕಾರ 1944ರ ಶ್ವೇತಪತ್ರದಲ್ಲಿ ಉದ್ಯೋಗದ ಪ್ರಮಾಣವನ್ನು ಸದಾ ಮೇಲ್ಮಟ್ಟದಲ್ಲಿ ಇಡುವ ಭರವಸೆ ಕೊಟ್ಟಿತು. ಇದಕ್ಕೆ ಬೆಲೆ, ಸಂಬಳ ಎರಡೂ ಹಿಡಿತದಲ್ಲಿರಬೇಕು ಎಂದೂ ಅದರಲ್ಲೇ ಬರೆದಿತ್ತು. ಹಿಡಿಯುವವರು ಯಾರು ಎಂಬುದು ಇತ್ಯರ್ಥವಾಗಲಿಲ್ಲ. 1950ರ ದಶಕದಲ್ಲಿ ನಿರುದ್ಯೋಗ ಶೇ 1–2ರ ಆಸುಪಾಸಿನಲ್ಲಿತ್ತು. ಕೆಲಸಕ್ಕೆ ಜನ ಸಿಗದಿದ್ದಾಗ ಚೌಕಾಸಿಯಲ್ಲಿ ಕಾರ್ಮಿಕ ಸಂಘದ ಕೈಯೇ ಮೇಲು.

ಹಾಗಾಗಿ ಎರಡೂ ಪಕ್ಷಗಳು ಸರದಿಯ ಮೇಲೆ ಸಂಬಳ ತಡೆಯಲು ಹೊರಟವು. 1948ರಲ್ಲಿ ಹಣಕಾಸು ಸಚಿವ ಸ್ಟಾಫರ್ಡ್ ಕ್ರಿಪ್ಸ್ ಕೇಳಿಕೊಂಡಾಗ ಸಂಘಗಳ ಒಕ್ಕೂಟ ಟಿಯುಸಿ ಒಪ್ಪಿತು, 1950ರಲ್ಲಿ ಕೈಬಿಟ್ಟಿತು. 1961ರಲ್ಲಿ ಕನ್ಸರ್ವೇಟಿವ್ ಹಣಕಾಸು ಸಚಿವ ಸೆಲ್ವಿನ್ ಲಾಯ್ಡ್, 1966ರಲ್ಲಿ ಲೇಬರ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಕೂಡ ಸಂಬಳಕ್ಕೆ ತಡೆ ಹಾಕಿದರು. ತಡೆ ಸಡಿಲವಾದೊಡನೆ ಹಿಂದಿನ ಬಾಕಿಯೆಲ್ಲ ಸೇರಿ ಬೇಡಿಕೆ ಉಕ್ಕುತ್ತಿತ್ತು.

ಎಡ್ವರ್ಡ್ ಹೀತ್ ಅವರ ಕನ್ಸರ್ವೇಟಿವ್ ಸರ್ಕಾರ 1973ರ ಶರತ್ಕಾಲದಲ್ಲಿ ತಂದ ಸಂಬಳ ನಿಯಂತ್ರಣದ ಮೂರನೇ ಹಂತದ ನೀತಿಯನ್ನು ಹತ್ತಿರದಿಂದ ನೋಡಬೇಕು. ಸಂಘಗಳನ್ನು ಒಲಿಸಲು ಅದರಲ್ಲಿ ನಮ್ಮ ತುಟ್ಟಿಭತ್ಯೆಯಂಥ ಒಂದು ಷರತ್ತು ಸೇರಿಸಿದರು: ಬೆಲೆ ಸೂಚ್ಯಂಕ ಅಕ್ಟೋಬರ್ ಮಟ್ಟಕ್ಕಿಂತ ಶೇ 7ರಷ್ಟು ಏರಿದರೆ ವಾರಕ್ಕೆ 40 ಪೆನ್ಸ್, ಅಲ್ಲಿಂದ ಮುಂದೆ ಪ್ರತಿ ಶೇ 1ಕ್ಕೂ ಮತ್ತೆ 40 ಪೆನ್ಸ್. ಬೆಲೆ ಅಷ್ಟು ಏರುವುದಿಲ್ಲ ಎಂಬ ಲೆಕ್ಕ. ಅದೇ ಹೊತ್ತಿಗೆ ತೈಲದ ಬೆಲೆ ನಾಲ್ಕು ಪಟ್ಟಾಯಿತು. 1974ರಲ್ಲಿ ಷರತ್ತು 11 ಸಲ ಜಾರಿಯಾಗಿ ವಾರಕ್ಕೆ 4.40 ಪೌಂಡ್ ಸೇರಿತು. ಬೆಲೆ ಸಂಬಳವನ್ನು, ಸಂಬಳ ಬೆಲೆಯನ್ನು ಮೇಲಕ್ಕೆ ತಳ್ಳಿತು. ಅಷ್ಟರಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಹೋರಾಟ, ವಾರಕ್ಕೆ ಮೂರೇ ದಿನ ವಿದ್ಯುತ್ ಪಡೆದ ಕಾರ್ಖಾನೆಗಳು, ಫೆಬ್ರುವರಿ ಚುನಾವಣೆ ಎಲ್ಲ ಮುಗಿದು ಹೀತ್ ಅಧಿಕಾರ ಕಳೆದುಕೊಂಡಿದ್ದರು.

ಆಗಸ್ಟ್ 1975ರಲ್ಲಿ ಹಣದುಬ್ಬರ ಶೇ 26.9 ಮುಟ್ಟಿತು. ಸಾರಿಗೆ ಕಾರ್ಮಿಕರ ನಾಯಕ ಜ್ಯಾಕ್ ಜೋನ್ಸ್ ಬೆಂಬಲದಿಂದ ಲೇಬರ್ ಸರ್ಕಾರ ತಂದ ಹೊಸ ನಿಯಮ ಸರಳ: ಎಲ್ಲರಿಗೂ ವಾರಕ್ಕೆ ಹೆಚ್ಚೆಂದರೆ 6 ಪೌಂಡ್ ಏರಿಕೆ, ವರ್ಷಕ್ಕೆ 8,500 ಪೌಂಡ್ ಮೀರಿದವರಿಗೆ ಸೊನ್ನೆ. ಹಣದುಬ್ಬರ ಇಳಿಯಿತು, ನಿಜ. ಆದರೆ ಎಲ್ಲರಿಗೂ ಒಂದೇ ಮೊತ್ತ ಸಿಕ್ಕಾಗ ನುರಿತ ಕೆಲಸಗಾರನಿಗೂ ಸಾಮಾನ್ಯ ಕೂಲಿಯವನಿಗೂ ನಡುವಿನ ಅಂತರ ಕುಗ್ಗಿತು. 1977ರಲ್ಲಿ ಕಾರು ಕಂಪನಿ ಬ್ರಿಟಿಷ್ ಲೇಲ್ಯಾಂಡ್‌ನ ಟೂಲ್‌ರೂಮ್ ಕೆಲಸಗಾರರು, ಅಂದರೆ ಉಪಕರಣ ತಯಾರಿಸುವ ನುರಿತವರು, ಇದೇ ಸಿಟ್ಟಿಗೆ ಮುಷ್ಕರ ಹೂಡಿದರು.

ಇಷ್ಟಾದ ಮೇಲೂ ಲೇಬರ್ ಪ್ರಧಾನಿ ಜೇಮ್ಸ್ ಕ್ಯಾಲಹನ್ 1978ರಲ್ಲಿ ಸಂಬಳ ಏರಿಕೆಗೆ ಶೇ 5ರ ಮಿತಿ ಹೇರಿದ್ದು ಹಟವೇ ಸರಿ. ಫೋರ್ಡ್ ಕಂಪನಿ ಮುಷ್ಕರದ ನಂತರ ಶೇ 17 ಕೊಟ್ಟಿತು. ಕಂಪನಿಗೆ ದಂಡನೆ ವಿಧಿಸುವ ಅಧಿಕಾರವನ್ನು ಡಿಸೆಂಬರ್‌ನಲ್ಲಿ ಸಂಸತ್ತು ತಳ್ಳಿಹಾಕಿತು. ಖಾಸಗಿಯವರಿಗೆ ಮಿತಿ ಇಲ್ಲವೆಂದಾದಾಗ ಆಸ್ಪತ್ರೆ, ಶಾಲೆ, ನಗರಾಡಳಿತದ ಕಡಿಮೆ ಸಂಬಳದ ನೌಕರರು ಬೀದಿಗಿಳಿದರು. 28 ಮಾರ್ಚ್ 1979ರಂದು ಸರ್ಕಾರ 311–310ರಲ್ಲಿ ಸೋತಿತು. ಅವಿಶ್ವಾಸಕ್ಕೆ ತಕ್ಷಣದ ನೆಪ ಸ್ಕಾಟ್ಲೆಂಡಿಗೆ ಸ್ವಂತ ಶಾಸನಸಭೆ ಕೊಡುವ ವಿಷಯವಾಗಿತ್ತು.

ನಂತರದ ಚುನಾವಣೆಯಲ್ಲಿ ಗೆದ್ದು ಪ್ರಧಾನಿಯಾದ ಕನ್ಸರ್ವೇಟಿವ್ ನಾಯಕಿ ಮಾರ್ಗರೆಟ್ ಥ್ಯಾಚರ್ ಸಂಬಳದ ಮಿತಿಯನ್ನೇ ಬಿಟ್ಟು ಬಡ್ಡಿದರ ಏರಿಸಿದರು. 1982ರ ಜನವರಿಯಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತು.