ಆಗಮನ ಕಾಲದ ಟಿಪ್ಪಣಿ: ಭರವಸೆ ಮೊದಲೋ, ಪಶ್ಚಾತ್ತಾಪ ಮೊದಲೋ?

ಸಿಂಧನೂರಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡಲು ತಯಾರಾಗುತ್ತಿರುವ ನಮ್ಮ ಗುಂಪಿಗಾಗಿ, ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಓದಿದ್ದು ತಾಜಾ ಇರುವಾಗಲೇ ಬರೆದಿಟ್ಟರೆ ನನಗೂ ತಲೆಯಲ್ಲಿ ಗಟ್ಟಿಯಾಗುತ್ತದೆ. ನಕ್ಷತ್ರ, ಗೋದಲಿ, ನಾಲ್ಕು ಮೇಣದಬತ್ತಿ ಎಲ್ಲರಿಗೂ ಗೊತ್ತಿರುವುದೇ. ಅವನ್ನು ಬಿಟ್ಟಿದ್ದೇನೆ.

ದಿನ ಮತ್ತು ವಾಚನದ ಲೆಕ್ಕ

ನವೆಂಬರ್ 30 ಸಂತ ಅಂದ್ರೆಯರ ಹಬ್ಬ. ಆ ದಿನಕ್ಕೆ ಯಾವ ಭಾನುವಾರ ಹತ್ತಿರವೋ ಅದೇ ಆಗಮನ ಕಾಲದ ಮೊದಲ ಭಾನುವಾರ. ಅದು ನವೆಂಬರ್ 27ಕ್ಕಿಂತ ಮುಂಚೆ ಬರುವುದಿಲ್ಲ, ಡಿಸೆಂಬರ್ 3 ದಾಟುವುದಿಲ್ಲ.

ಭಾನುವಾರದ ವಾಚನಗಳು ಎ, ಬಿ, ಸಿ ಎಂದು ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ. ಆ ವರ್ಷ ಯಾರ ಶುಭಸಂದೇಶ ಓದುತ್ತಾರೆ ಎಂದು ತಿಳಿಯಲು ನನಗೆ ತುಂಬಾ ಇಷ್ಟವಾದ ದಾರಿ ಒಂದಿದೆ. ಪೂಜಾವಿಧಿಯ ಹೊಸ ವರ್ಷ ಆಗಮನ ಕಾಲದಲ್ಲೇ ಶುರುವಾಗುತ್ತದೆ ಅಲ್ವಾ? ಹಾಗಾಗಿ ಮುಂದಿನ ಇಸವಿಯನ್ನು ತೆಗೆದುಕೊಳ್ಳಿ. ಅದರ ಅಂಕಿಗಳನ್ನು ಕೂಡಿಸಿ 3ರಿಂದ ಭಾಗಿಸಿ. ಶೇಷ 1 ಬಂದರೆ ಎ ವರ್ಷ, ಮತ್ತಾಯ. 2 ಬಂದರೆ ಬಿ ವರ್ಷ, ಮಾರ್ಕ. ಏನೂ ಉಳಿಯದಿದ್ದರೆ ಸಿ ವರ್ಷ, ಲೂಕ. 2026ರ ಡಿಸೆಂಬರ್‌ಗೆ ನೋಡೋಣ. ಮುಂದಿನ ಇಸವಿ 2027. ಕೂಡಿಸಿದರೆ 11, ಶೇಷ 2. ಅಂದರೆ ಮಾರ್ಕ. ಒಂದು ಸಲ ಬೆರಳಲ್ಲಿ ಎಣಿಸಿ ನೋಡಿ, ಮತ್ತೆ ಮರೆಯುವುದಿಲ್ಲ.

ನಾಲ್ಕು ಭಾನುವಾರಗಳ ಸಾಲು ಯಾವ ವರ್ಷವಾದರೂ ಒಂದೇ. ಮೊದಲನೆಯದು ಕ್ರಿಸ್ತರ ಎರಡನೇ ಬರುವಿಕೆ, ಎಚ್ಚರವಾಗಿರಿ ಎಂಬ ಮಾತು. ಎರಡನೆಯದು ಮತ್ತು ಮೂರನೆಯದು ಯೇಸುವಿಗೆ ದಾರಿ ಸಿದ್ಧ ಮಾಡಿದ ಪ್ರವಾದಿ ಸ್ನಾನಿಕ ಯೊವಾನ್ನರದು. ನಾಲ್ಕನೆಯದು ಮರಿಯ, ಜೋಸೆಫರ ಮನೆಯ ಸುದ್ದಿ. ಕಡೆಯ ದಿನದಿಂದ ಶುರುವಾಗಿ ಹುಟ್ಟಿನ ಕಡೆಗೆ ಬರುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು.

ನನ್ನನ್ನು ಹಿಡಿದು ನಿಲ್ಲಿಸಿದ ಜಾಗ

ಈ ಕಾಲಕ್ಕೆ ನೇರಳೆ ಬಣ್ಣ. ಪೂಜೆಯ ಮಹಿಮೆಯ ಗೀತೆ ಗ್ಲೋರಿಯಾ ಹಾಡುವುದಿಲ್ಲ. ಊರೂರಿನ ಚರ್ಚುಗಳಲ್ಲಿ ಪಾಪನಿವೇದನೆಗೆ, ಅಂದರೆ ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳಲು, ಸಾಲು ನಿಲ್ಲುತ್ತದೆ. ಇದೆಲ್ಲ ಪಶ್ಚಾತ್ತಾಪದ ಗುರುತು. ಆದರೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಬಿಟ್ಟುಬಿಡುವ ಅಲ್ಲೆಲೂಯ ಎಂಬ ಸ್ತುತಿ ಇಲ್ಲಿ ಉಳಿಯುತ್ತದೆ. ಮೂರನೇ ಭಾನುವಾರ ಗುಲಾಬಿ ಬಣ್ಣದ ಉಡುಪು ಹಾಕಿ ಆನಂದಿಸಿ ಎನ್ನುತ್ತಾರೆ. ಎರಡೂ ಒಂದೇ ಕಾಲದಲ್ಲಿ ಹೇಗೆ? ಮೊದಲು ಅತ್ತು, ತಪ್ಪು ಒಪ್ಪಿಕೊಂಡು, ಆಮೇಲೆ ಭರವಸೆಗೆ ಅರ್ಹರಾಗಬೇಕಾ? ಮಕ್ಕಳು ಕೇಳುವುದೂ ಇದನ್ನೇ: ‘ನಾನು ಒಳ್ಳೆಯವನಾಗದಿದ್ದರೆ ಯೇಸು ಬರಲ್ವಾ?’

ಇದಕ್ಕೆ ಉತ್ತರ ವಚನಗಳ ಸಾಲಿನಲ್ಲೇ ಇದೆ. ನಿಧಾನವಾಗಿ ನೋಡಿ.

ಮತ್ತಾಯ 3:2ರಲ್ಲಿ ಯೊವಾನ್ನರು ತಿರುಗಿಕೊಳ್ಳಿ, ಅಂದರೆ ಪಶ್ಚಾತ್ತಾಪಪಡಿ ಎನ್ನುತ್ತಾರೆ. ಯಾಕೆ? ಸ್ವರ್ಗದ ರಾಜ್ಯ ಹತ್ತಿರ ಬಂದಿದೆ, ಅದಕ್ಕೆ. ‘ನೀವು ತಿರುಗಿಕೊಂಡರೆ ರಾಜ್ಯ ಬರುತ್ತದೆ’ ಎಂದು ಅವರು ಹೇಳಲೇ ಇಲ್ಲ. ಬಂದಾಗಿದೆ, ಆದ್ದರಿಂದ ತಿರುಗಿಕೊಳ್ಳಿ ಎಂದರು.

ಈಗ ಯೆಶಾಯ 40. ಮರುಭೂಮಿಯಲ್ಲಿ ದಾರಿ ಸಿದ್ಧ ಮಾಡಿ ಎಂಬ ಕೂಗು 3ನೇ ವಚನದಲ್ಲಿದೆ. ನಾವೆಲ್ಲ ಅಲ್ಲಿಂದಲೇ ಓದಲು ಶುರು ಮಾಡುತ್ತೇವೆ. 1 ಮತ್ತು 2ನೇ ವಚನ ಬಿಡಬೇಡಿ. ಅಲ್ಲಿ ದೇವರು ನನ್ನ ಜನರನ್ನು ಸಂತೈಸಿ ಎನ್ನುತ್ತಾರೆ. ಜೆರುಸಲೇಮಿನ ದುಡಿತ ಮುಗಿಯಿತು, ಅವಳ ಪಾಪಕ್ಕೆ ಕ್ಷಮೆ ಸಿಕ್ಕಿತು ಎಂದು ಅವಳಿಗೆ ಹೇಳಿ ಎನ್ನುತ್ತಾರೆ. ಕ್ಷಮೆಯ ಸುದ್ದಿ ಆದ ಮೇಲೆ ದಾರಿ ಮಾಡುವ ಕೆಲಸ.

ಕೀರ್ತನೆ 130 ಕೂಡ ಹೀಗೇ ನಡೆಯುತ್ತದೆ. ಆಳದಿಂದ ಕೂಗುವವನು 3ನೇ ವಚನದಲ್ಲಿ, ನೀನು ಪಾಪಗಳ ಲೆಕ್ಕ ಇಟ್ಟರೆ ಯಾರು ನಿಂತಾರು ಎಂದು ಕೇಳುತ್ತಾನೆ. ಮುಂದಿನ ವಚನದಲ್ಲೇ ನಿನ್ನಲ್ಲಿ ಕ್ಷಮೆ ಇದೆ ಎನ್ನುತ್ತಾನೆ. ಅದಾದ ಮೇಲೆ, ಬೆಳಗಾಗುವುದನ್ನು ಕಾಯುವ ಕಾವಲುಗಾರನಿಗಿಂತ ಜಾಸ್ತಿ ಕಾಯುತ್ತೇನೆ ಎಂಬ ಮಾತು. ಕ್ಷಮೆ ಇದೆ ಎಂದು ಗೊತ್ತಿರುವವನಿಗೆ ಮಾತ್ರ ತನ್ನ ಪಾಪದ ಲೆಕ್ಕ ಬಾಯಿಬಿಟ್ಟು ಹೇಳುವ ಧೈರ್ಯ ಬರುತ್ತದೆ.

ನಮ್ಮ ಕಡೆಯವರಿಗೆ ಇದನ್ನು ಕಾಲುವೆಯಿಂದ ಹೇಳಬಹುದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುತ್ತಾರೆ ಎಂದು ಖಾತ್ರಿಯಾದ ಮೇಲೆ ರೈತರು ಹೊಲಗಾಲುವೆಯ ಹೂಳು, ಕಸ ತೆಗೆಯುತ್ತಾರೆ. ಹೂಳು ತೆಗೆದದ್ದಕ್ಕೆ ಡ್ಯಾಮ್ ತುಂಬಲಿಲ್ಲ. ಎಲ್ಲೋ ಮಲೆನಾಡಿನಲ್ಲಿ ಮಳೆ ಬಿದ್ದು ತುಂಬಿತು. ಆದರೆ ಹೂಳು ಹಾಗೇ ಇದ್ದರೆ, ಬಂದ ನೀರು ನಮ್ಮ ಹೊಲ ಮುಟ್ಟುವುದಿಲ್ಲ. ಮಾನ್ವಿ, ಸಿರವಾರದ ಕೊನೆ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಭರವಸೆ, ಹೂಳು ತೆಗೆಯುವುದು ಪಶ್ಚಾತ್ತಾಪ. ನೀರೇ ಬರಲ್ಲ ಅಂದುಕೊಂಡವನು ಸಲಿಕೆ ಮುಟ್ಟುವುದಿಲ್ಲ. ಪಾಪನಿವೇದನೆಗೆ ವರ್ಷಗಟ್ಟಲೆ ಹೋಗದವರ ಕಷ್ಟವೂ ಎಷ್ಟೋ ಸಲ ಇದೇ ಎಂದು ನನಗನಿಸುತ್ತದೆ. ಅವರಿಗೆ ಪಾಪದ ಅರಿವಿಲ್ಲ ಅಂತಲ್ಲ. ಹೋದರೂ ಏನೂ ಬದಲಾಗಲ್ಲ ಎಂಬ ಹತಾಶೆ ಅದು. ಅವರಿಗೆ ಮೊದಲು ಯೆಶಾಯ 40:1 ಓದಿ ಹೇಳಬೇಕು.

ಹಾಗಾದರೆ ಕೊಡಲಿ ಯಾಕೆ?

ಕ್ಷಮೆ ಮೊದಲೇ ಇದ್ದರೆ, ಯೊವಾನ್ನರು ಮರದ ಬುಡಕ್ಕೆ ಕೊಡಲಿ ಬಿದ್ದಿದೆ ಎಂದು ಗದರುವುದು ಯಾಕೆ? ಮತ್ತಾಯ 3:9 ನೋಡಿ. ಗದರಿಕೆ ಬಿದ್ದದ್ದು ‘ಅಬ್ರಹಾಮ ನಮ್ಮ ತಂದೆ’ ಎಂದು ನೆಮ್ಮದಿಯಾಗಿ ಕೂತವರಿಗೆ. ನಮ್ಮಲ್ಲಿ ಅದು ‘ನಮ್ಮ ಅಜ್ಜನ ಕಾಲದಿಂದ ಚರ್ಚಿಗೆ ಬರುತ್ತೇವೆ’ ಎಂಬ ಮಾತು. ಇಂಥವರಿಗೆ ಕೊಡಲಿಯ ಮಾತು, ಸೋತವರಿಗೆ ಸಾಂತ್ವನದ ಮಾತು. ಕಲಿಸುವಾಗ ಎದುರಿಗೆ ಯಾರಿದ್ದಾರೆ ಎಂದು ನೋಡಿ ಮಾತಾಡಬೇಕು. ಮಕ್ಕಳಿಗೆ ಕೊಡಲಿ ತೋರಿಸಿ ಹೆದರಿಸುವುದು ನನಗೆ ಒಪ್ಪಿಗೆಯಿಲ್ಲ.

2 ಪೇತ್ರ 3:9 ಇನ್ನೊಂದು ಬಾಗಿಲು ತೆರೆಯುತ್ತದೆ. ಪ್ರಭು ತಡಮಾಡುತ್ತಿಲ್ಲ, ಯಾರೂ ನಾಶವಾಗದೆ ಎಲ್ಲರೂ ತಿರುಗಿಕೊಳ್ಳಲಿ ಎಂದು ತಾಳಿಕೊಂಡಿದ್ದಾರೆ. ಅಂದರೆ ನಾವು ಕಾಯುತ್ತಿದ್ದೇವೆ ಅಂದುಕೊಂಡಿದ್ದೆವು, ಅವರೂ ಕಾಯುತ್ತಿದ್ದಾರೆ. ಈ ಭಾಗ ಬಿ ವರ್ಷದ ಎರಡನೇ ಭಾನುವಾರ ಬರುತ್ತದೆ, ಯೆಶಾಯ 40ರ ಜೊತೆಗೇ.

ನಾವೇನು ಮಾಡಬೇಕು?

ಲೂಕ 3:10ರಿಂದ 14 ಬಾಯಿಪಾಠ ಮಾಡಿ. ಜನ ಯೊವಾನ್ನರಿಗೆ ಇದೇ ಪ್ರಶ್ನೆ ಕೇಳುತ್ತಾರೆ. ಅವರ ಉತ್ತರ ಇದು. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ತೆರಿಗೆಯವನು ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ಕೀಳದಿರಲಿ. ಸಿಪಾಯಿ ಯಾರನ್ನೂ ಬೆದರಿಸಿ ಕಸಿಯದಿರಲಿ, ತನ್ನ ಸಂಬಳದಲ್ಲಿ ತೃಪ್ತನಾಗಿರಲಿ. ಕೆಲಸ ಬಿಟ್ಟು ಮರುಭೂಮಿಗೆ ಬನ್ನಿ ಎಂದು ಯಾರಿಗೂ ಹೇಳಲಿಲ್ಲ. ಅವರವರ ಕೆಲಸದ ಜಾಗದಲ್ಲೇ, ದುಡ್ಡು ಕೈ ಬದಲಾಯಿಸುವ ಕಡೆಯೇ ಪಶ್ಚಾತ್ತಾಪ ಕಾಣಬೇಕು.

ಇದನ್ನು ಯಾಕೋಬರ ಪತ್ರದ 5ನೇ ಅಧ್ಯಾಯದ ಜೊತೆ ಇಟ್ಟು ಓದಿದರೆ ಮೈ ಜುಮ್ಮೆನ್ನುತ್ತದೆ. 7ನೇ ವಚನದಿಂದ ಎ ವರ್ಷದ ಮೂರನೇ ಭಾನುವಾರ ಓದುತ್ತಾರೆ: ಮುಂಗಾರು, ಹಿಂಗಾರಿಗಾಗಿ ತಾಳ್ಮೆಯಿಂದ ಕಾಯುವ ರೈತ. ಭರವಸೆಯ ಚಿತ್ರ. ಚರ್ಚಿನಲ್ಲಿ ಅಂದು ಓದದ 4ನೇ ವಚನಕ್ಕೆ ಹಿಂದೆ ಹೋಗಿ. ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿ ದೇವರಿಗೆ ಕೇಳುವಂತೆ ಕೂಗುತ್ತಿದೆ. ಒಂದೇ ಹೊಲ, ಒಂದೇ ಅಧ್ಯಾಯ. ನಮ್ಮಲ್ಲಿ ಭತ್ತದ ಕೊಯ್ಲು, ಹತ್ತಿ ಬಿಡಿಸುವುದು ಆಗಮನ ಕಾಲದ ಹೊತ್ತಿಗೇ ನಡೆಯುತ್ತದೆ. ಕೂಲಿ ಬಾಕಿ ಇಟ್ಟುಕೊಂಡು ಕ್ರಿಸ್ಮಸ್‌ಗೆ ಹೊಸ ಬಟ್ಟೆ ತಂದರೆ ಅದು ಈ ವಚನಕ್ಕೆ ಸಿಕ್ಕಿಬೀಳುತ್ತದೆ. ಮೇಲ್ಭಾಗದಲ್ಲಿ ಪಂಪ್ ಇಟ್ಟು ಕೆಳಗಿನವರ ನೀರು ಎಳೆದರೂ ಅಷ್ಟೇ. ದೊಡ್ಡ ಮಕ್ಕಳ ತರಗತಿಯಲ್ಲಿ ಇದನ್ನು ಚರ್ಚೆಗೆ ಇಡಬೇಕೆಂದಿದ್ದೇನೆ. ಅವರ ಮನೆಯಲ್ಲಿ ಕೂಲಿ ಕೊಡುವವರೂ ಇದ್ದಾರೆ, ತೆಗೆದುಕೊಳ್ಳುವವರೂ ಇದ್ದಾರೆ.

ಡಿಸೆಂಬರ್ 17ರ ವಾಚನ

ಇದು ಚಿಕ್ಕದು. ಅಂದು ಮತ್ತಾಯ 1ರ ವಂಶಾವಳಿ ಓದುತ್ತಾರೆ. ಬರೀ ಹೆಸರು ಎಂದು ಮಕ್ಕಳು ಆಕಳಿಸುತ್ತಾರೆ. 6ನೇ ವಚನದಲ್ಲಿ ನಿಲ್ಲಿಸಿ. ಸೊಲೊಮೋನನ ತಾಯಿಯನ್ನು ಮತ್ತಾಯ ಊರೀಯನ ಹೆಂಡತಿ ಎಂದೇ ಕರೆಯುತ್ತಾನೆ. ಊರೀಯನ ಹೆಂಡತಿಯನ್ನು ತನ್ನವಳಾಗಿ ಮಾಡಿಕೊಂಡ ದಾವೀದನ ಪಾಪವನ್ನು ಮುಚ್ಚಿಡದೆ ಮೆಸ್ಸೀಯನ ಮನೆತನದ ಪಟ್ಟಿಯಲ್ಲೇ ಬರೆದಿಟ್ಟಿದ್ದಾನೆ. ಅದು ಅರ್ಥವಾಗಲು 2 ಸಮುವೇಲ 11 ಮತ್ತು 12, ಆಮೇಲೆ ಕೀರ್ತನೆ 51 ಓದಿಕೊಂಡು ಬನ್ನಿ. ಮುಂದಿನ ಸಭೆಯಲ್ಲಿ ಅಲ್ಲಿಂದಲೇ ಶುರು ಮಾಡೋಣ.