ಕೊಂಬೆ ಮುರಿದದ್ದು ಕಾಗೆಯೇನಾ?

ನಲವತ್ತು ದಾಟಿದ ಒಬ್ಬರು ಜೀನ್ ಟೆಸ್ಟ್ ರಿಪೋರ್ಟ್ ಹಿಡಿದು ಬಂದು ಕೂತರು. ಹದಿನಾಲ್ಕು ಪುಟ. ಒಂಬತ್ತನೇ ಪುಟದ ಒಂದು ಸಾಲಿನ ಕೆಳಗೆ ಪೆನ್ನಿನಲ್ಲಿ ಮೂರು ಗೆರೆ ಎಳೆದಿದ್ದರು.

"ಡಾಕ್ಟ್ರೇ, ಅಡಿಪೊನೆಕ್ಟಿನ್ ಜೀನ್‌ನಲ್ಲಿ ಏನೋ ವ್ಯತ್ಯಾಸ ಇದೆಯಂತೆ. ಹೃದಯಕ್ಕೆ ಅಪಾಯ ಅಂತ ಕೆಂಪು ಬಣ್ಣದಲ್ಲಿ ಹಾಕಿದ್ದಾರೆ. ನನಗೆ ಹಾರ್ಟ್ ಅಟ್ಯಾಕ್ ಗ್ಯಾರಂಟಿನಾ?"

ಬಿಪಿ ಕೊನೇ ಸಲ ನೋಡಿಸಿದ್ದು ಯಾವಾಗ ಅಂತ ಕೇಳಿದೆ. ನೆನಪಿರಲಿಲ್ಲ.

ಮೊದಲು ಅಡಿಪೊನೆಕ್ಟಿನ್ ಅನ್ನುವ ಹೆಸರಿನ ಕಥೆ ಹೇಳುತ್ತೇನೆ. ಕೊಬ್ಬು ಅಂದರೆ ಮೈಯಲ್ಲಿ ಸುಮ್ನೆ ಬಿದ್ದಿರುವ ಗೋದಾಮು ಅಂತಲೇ ವೈದ್ಯರು ಬಹಳ ಕಾಲ ನಂಬಿದ್ದರು. 1994ರಲ್ಲಿ ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಜೀನನ್ನು ಪತ್ತೆ ಮಾಡಿತು. ಕೊಬ್ಬಿನ ಕೋಶಗಳು ಮಿದುಳಿಗೆ "ದಾಸ್ತಾನು ಇದೆ, ಸಾಕು" ಅಂತ ಹಾರ್ಮೋನಿನ ಮೂಲಕ ಸುದ್ದಿ ಕಳಿಸುತ್ತವೆ ಅಂತ ಗೊತ್ತಾಯಿತು. ಮುಂದಿನ ಒಂದೆರಡು ವರ್ಷದಲ್ಲೇ ಅಡಿಪೊನೆಕ್ಟಿನ್ ಸಿಕ್ಕಿತು. ಇದರ ಸ್ವಭಾವ ವಿಚಿತ್ರ. ಹುಟ್ಟುವುದು ಕೊಬ್ಬಿನಲ್ಲಿ, ಆದರೆ ಬೊಜ್ಜು ಹೆಚ್ಚಿದಂತೆ ರಕ್ತದಲ್ಲಿ ಇದರ ಪ್ರಮಾಣ ಇಳಿಯುತ್ತದೆ.

ಪ್ರಯೋಗಾಲಯದಲ್ಲಿ ನೋಡಿದರೆ ಇದು ಒಳ್ಳೆಯ ಹಾರ್ಮೋನು. ಇನ್ಸುಲಿನ್ ಕೆಲಸ ಸಲೀಸು ಮಾಡುತ್ತದೆ, ರಕ್ತನಾಳದ ಒಳಪದರದ ಉರಿಯೂತ ತಗ್ಗಿಸುತ್ತದೆ. ಅಮೆರಿಕದಲ್ಲಿ ಗಂಡಸರ ಮೇಲೆ ನಡೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅಡಿಪೊನೆಕ್ಟಿನ್ ಜಾಸ್ತಿ ಇದ್ದವರಲ್ಲಿ ಹೃದಯಾಘಾತ ಎಷ್ಟೋ ಕಡಿಮೆ ಕಂಡಿತ್ತು. ಎಲ್ಲರಿಗೂ ಖುಷಿಯೋ ಖುಷಿ. ಇದನ್ನು ಹೆಚ್ಚಿಸುವ ಒಂದು ಮಾತ್ರೆ ಸಿಕ್ಕರೆ ಸಾಕು ಅನ್ನುವಂತಿತ್ತು.

ಅದೇ ಹುರುಪಿನಲ್ಲಿ ಜೀನ್ ಹುಡುಕಾಟವೂ ಶುರುವಾಯಿತು. ಅಡಿಪೊನೆಕ್ಟಿನ್ ತಯಾರಿಸುವ ಜೀನ್ ಮೂರನೇ ವರ್ಣತಂತುವಿನಲ್ಲಿದೆ. ಜೀನ್ ಅಂದರೆ ಎ, ಟಿ, ಜಿ, ಸಿ ಅನ್ನುವ ನಾಲ್ಕೇ ಅಕ್ಷರಗಳ ಉದ್ದನೆಯ ಬರಹ. ಅದರ 45ನೇ ಜಾಗದಲ್ಲಿ ಕೆಲವರಿಗೆ ಟಿ ಅಕ್ಷರದ ಬದಲು ಜಿ ಇರುತ್ತದೆ. 276ನೇ ಜಾಗದಲ್ಲಿ ಜಿ ಬದಲು ಟಿ. ಇವು ಅಪರೂಪದ ದೋಷಗಳಲ್ಲ, ತುಂಬಾ ಜನರಲ್ಲಿ ಇರುವ ಮಾಮೂಲಿ ವ್ಯತ್ಯಾಸಗಳು. ಕೆಲವೇ ನೂರು ಜನರನ್ನಿಟ್ಟುಕೊಂಡು ಮಾಡಿದ ಸಣ್ಣ ಅಧ್ಯಯನಗಳು ಸಾಲುಗಟ್ಟಿ ಬಂದವು. ಒಂದು ಅಪಾಯ ಅಂದರೆ ಇನ್ನೊಂದು ಏನೂ ಇಲ್ಲ ಅಂತು. ಮತ್ತೊಂದು ಅದೇ ಅಕ್ಷರ ಕಾಪಾಡುತ್ತದೆ ಅಂತು! ನನ್ನ ಮುಂದಿದ್ದ ಒಂಬತ್ತನೇ ಪುಟ ಬಹುಶಃ ಈ ಗದ್ದಲದಿಂದ ಎತ್ತಿಕೊಂಡದ್ದೇ.

ಆಮೇಲೆ ಕಥೆ ತಿರುವು ಪಡೆಯಿತು. ಹೃದಯ ಸೋತವರಲ್ಲಿ, ಅಂದರೆ ಹಾರ್ಟ್ ಫೇಲ್ಯೂರ್ ಆದವರಲ್ಲಿ, ಅಡಿಪೊನೆಕ್ಟಿನ್ ಜಾಸ್ತಿ ಇದ್ದರೆ ಸಾವೂ ಜಾಸ್ತಿ ಅಂತ ಕಂಡುಬಂತು. ಒಳ್ಳೆಯ ಹಾರ್ಮೋನು ಹೀಗೇಕೆ ಉಲ್ಟಾ ಹೊಡೆಯಿತು? ಒಂದು ಕಾರಣ ಗೊತ್ತಿದೆ. ದಣಿದ ಹೃದಯ ನೇಟ್ರಿಯುರೆಟಿಕ್ ಪೆಪ್ಟೈಡ್ ಅನ್ನುವ ಹಾರ್ಮೋನನ್ನು ಬಿಡುತ್ತದೆ. ಅದು ಕೊಬ್ಬಿನ ಕೋಶಕ್ಕೆ ತಾಗಿ ಅಡಿಪೊನೆಕ್ಟಿನ್ ಏರಿಸುತ್ತದೆ. ಅಲ್ಲಿ ಕಾಯಿಲೆಯೇ ಮೊದಲು, ಹಾರ್ಮೋನಿನ ಏರಿಕೆ ಆಮೇಲೆ.

ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಇಲ್ಲೂ ಅದೇ ಪ್ರಶ್ನೆ. ಕೊಂಬೆ ಮುರಿದದ್ದು ಕಾಗೆಯಾ, ಒಳಗೇ ಹಿಡಿದಿದ್ದ ಗೆದ್ದಲಾ? ಇದನ್ನು ಪರೀಕ್ಷಿಸಲು ಜೀನ್‌ಗಳೇ ಒಂದು ಜಾಣ ಉಪಾಯ ಒದಗಿಸುತ್ತವೆ. ಅಪ್ಪ ಅಮ್ಮನಿಂದ ಯಾವ ಅಕ್ಷರ ಬರುತ್ತದೆ ಅನ್ನುವುದು ಕಣ್ಣುಮುಚ್ಚಿ ಚೀಟಿ ಎತ್ತಿದ ಹಾಗೆ. ನೀವು ಮುಂದೆ ಏನು ತಿನ್ನುತ್ತೀರಿ, ಸಿಗರೇಟು ಸೇದುತ್ತೀರಾ ಅಂತ ಆ ಚೀಟಿಗೆ ಗೊತ್ತಿರುವುದಿಲ್ಲ. ಹಾಗಾಗಿ ಚೀಟಿಯ ದೆಸೆಯಿಂದ ಹುಟ್ಟಿನಿಂದಲೇ ಅಡಿಪೊನೆಕ್ಟಿನ್ ಕಡಿಮೆ ಇರುವವರನ್ನು ನೋಡಬೇಕು. ಹಾರ್ಮೋನೇ ಅಪರಾಧಿಯಾದರೆ ಅವರಲ್ಲಿ ಹೃದ್ರೋಗ ಜಾಸ್ತಿ ಇರಬೇಕು, ಅಲ್ವಾ?

ಹತ್ತಾರು ಸಾವಿರ ಹೃದ್ರೋಗಿಗಳ ಮಾಹಿತಿ ಇಟ್ಟುಕೊಂಡು ಹೀಗೆ ನೋಡಿದ ವಿಶ್ಲೇಷಣೆ 2016ರಲ್ಲಿ ಬಂತು. ಅಂಥ ಸಂಬಂಧ ಕಾಣಲಿಲ್ಲ. ಕಾಗೆ ನಿರಪರಾಧಿ.

ಈ ಉಪಾಯಕ್ಕೆ ನಿಜವಾದ ಅಪರಾಧಿ ಸಿಕ್ಕಿಬೀಳುವುದೂ ಉಂಟು. ಪಿಸಿಎಸ್‌ಕೆ9 ಅನ್ನುವ ಜೀನ್ ಸರಿಯಾಗಿ ಕೆಲಸ ಮಾಡದ ಕೆಲವು ಕಪ್ಪು ಅಮೆರಿಕನ್ನರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಶೇ. 28ರಷ್ಟು ಕಡಿಮೆ ಇತ್ತು. ಹೃದ್ರೋಗದ ಅಪಾಯ ಶೇ. 88ರಷ್ಟು ಕಡಿಮೆ ಇತ್ತು. ಇದು ಪ್ರಕಟವಾದದ್ದು 2006ರಲ್ಲಿ. ಹತ್ತು ವರ್ಷ ತುಂಬುವುದರೊಳಗೆ ಆ ಜೀನಿನ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ ಬಂತು. ಹಾಗಂತ ಕೊಬ್ಬು ಬಿಡುವ ಸಂಕೇತಗಳೆಲ್ಲ ನಿರಪರಾಧಿ ಅಂತ ನಾನು ಹೇಳಲ್ಲ. ಇಂಟರ್‌ಲ್ಯೂಕಿನ್-6 ಅನ್ನುವ ಉರಿಯೂತದ ಸಂಕೇತದಲ್ಲಿ ಒಂದು ಪಾಲು ಕೊಬ್ಬಿನಿಂದಲೇ ಬರುತ್ತದೆ. ಅದರ ಕೆಲಸ ಹುಟ್ಟಿನಿಂದಲೇ ತುಸು ಮಂದವಾಗಿರುವವರಲ್ಲಿ ಹೃದ್ರೋಗವೂ ತುಸು ಕಡಿಮೆ ಅಂತ 2012ರಲ್ಲಿ ತಿಳಿಯಿತು.

ಹಾಗಾದರೆ ಗೆದ್ದಲು ಯಾವುದು? ಕೊಬ್ಬು ಎಲ್ಲಿ ಕೂರುತ್ತದೆ ಅನ್ನುವುದು. ಜೀನ್ ದೋಷದಿಂದ ಕೈಕಾಲಿನಲ್ಲಿ ಕೊಬ್ಬೇ ನಿಲ್ಲದ ಅಪರೂಪದ ಕಾಯಿಲೆಯೊಂದಿದೆ, ಲಿಪೊಡಿಸ್ಟ್ರೊಫಿ ಅಂತ. ಅಂಥವರ ತೊಡೆ ನೋಡಿದರೆ ಕಸರತ್ತು ಮಾಡಿದವರ ಹಾಗೆ ಹುರಿಗಟ್ಟಿರುತ್ತದೆ. ಒಳಗೆ ಮಾತ್ರ ಲಿವರ್ ತುಂಬಾ ಕೊಬ್ಬು, ಸಕ್ಕರೆ ಕಾಯಿಲೆ, ಎಷ್ಟೋ ಸಲ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ. ಚರ್ಮದ ಕೆಳಗೆ ಜಾಗ ಸಿಗದ ಕೊಬ್ಬು ಲಿವರ್‌ಗೂ ಕರುಳಿನ ಸುತ್ತಲೂ ಹೋಗಿ ಕೂರುತ್ತದೆ. ಆಗ ಇನ್ಸುಲಿನ್ ಏರುತ್ತದೆ, ಅಡಿಪೊನೆಕ್ಟಿನ್ ಇಳಿಯುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೂ ಇದೇ ದಾರಿ, ಅಷ್ಟು ತೀವ್ರವಾಗಿ ಅಲ್ಲ ಅಷ್ಟೇ. ನನ್ನ ಮಟ್ಟಿಗೆ ಕಡಿಮೆ ಅಡಿಪೊನೆಕ್ಟಿನ್ ಅಂದರೆ ಹೊಗೆ. ಹೊಗೆ ಕಂಡರೆ ನಾನು ಬೆಂಕಿ ಹುಡುಕುತ್ತೇನೆ. ಅದಕ್ಕೆ ಜೀನ್ ಟೆಸ್ಟ್ ಬೇಕಿಲ್ಲ, ಸೊಂಟಕ್ಕೆ ಸುತ್ತುವ ಟೇಪು ಸಾಕು.

ಟೇಪು ಸುತ್ತಿದೆ. 104 ಸೆಂಟಿಮೀಟರ್. ಬಿಪಿ 152ಕ್ಕೆ 96. ಐದು ನಿಮಿಷ ಕೂರಿಸಿ ಮತ್ತೆ ನೋಡಿದರೂ ಹೆಚ್ಚು ಇಳಿಯಲಿಲ್ಲ.

"ಮನೆಯಲ್ಲಿ ಯಾರಿಗಾದರೂ ಹಾರ್ಟ್ ಪ್ರಾಬ್ಲಂ ಇತ್ತಾ?"

"ಅಪ್ಪನಿಗೆ ಇತ್ತು. 49ಕ್ಕೇ ಹೋಗಿಬಿಟ್ಟರು."

ಹದಿನಾಲ್ಕು ಪುಟದಲ್ಲಿ ಎಲ್ಲೂ ಇಲ್ಲದ, ಆದರೆ ಇವರ ವಂಶದ ಬಗ್ಗೆ ನನಗೆ ಬೇಕಿದ್ದ ಮಾಹಿತಿ ಅದು. ಚೀಟಿಯಲ್ಲಿ ಮೂರು ಪರೀಕ್ಷೆ ಬರೆದೆ: ಕೊಲೆಸ್ಟ್ರಾಲ್, ಮೂರು ತಿಂಗಳ ಸಕ್ಕರೆಯ ಸರಾಸರಿ, ಲಿಪೊಪ್ರೋಟೀನ್-ಎ. ಕೊನೆಯದು ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಓಡಾಡುವ ಒಂದು ಬಗೆಯ ಕಣ, ಅದರ ಪ್ರಮಾಣ ಬಹುಪಾಲು ಜೀನ್‌ನಿಂದಲೇ ನಿರ್ಧಾರವಾಗುವಂಥದ್ದು, ಹೃದ್ರೋಗಕ್ಕೆ ನಿಜವಾಗಿ ಕಾರಣವಾಗುವಂಥದ್ದು. ಸಾಮಾನ್ಯವಾಗಿ ಜೀವಮಾನದಲ್ಲಿ ಒಂದು ಸಲ ನೋಡಿದರೆ ಸಾಕು.

"ಅಡಿಪೊನೆಕ್ಟಿನ್‌ನೂ ಒಂದ್ಸಲ ನೋಡಿಸಿಬಿಡ್ಲಾ ಡಾಕ್ಟ್ರೇ?"

"ಬೇಡ. ಒಂದು ಬಿಪಿ ಮಷೀನ್ ತಗೊಳ್ಳಿ. ಬೆಳಿಗ್ಗೆ, ಸಂಜೆ ನೋಡಿ ಬರೆದಿಡಿ. ವಾರ ಬಿಟ್ಟು ಬನ್ನಿ."

ಒಂಬತ್ತನೇ ಪುಟದ ಹಿಂಬದಿ ಖಾಲಿ ಇತ್ತು. ಅಲ್ಲೇ ಏಳು ದಿನದ ಗೆರೆ ಎಳೆದುಕೊಟ್ಟೆ.